ಮಳೆ ನಮ್ದು, ರೇಟು ಮಾತ್ರ ಹೊರಗಿಂದು

ಪ್ರಪಂಚದಲ್ಲಿ ಪೇಂಟ್ ಡಿಮಾಂಡ್ ಏರ್ತಾ ಇದೆ, ಏಷ್ಯಾನೇ ದೊಡ್ಡ ಮಾರ್ಕೆಟ್, ಸಿಟಿ ಬೆಳೀತಾ ಇದೆ ಅಂತೆಲ್ಲ ಬರೀತಾರಲ್ಲ, ಅದು ಸುಳ್ಳಲ್ಲ, ಆದ್ರೆ ನಮ್ಮ ಕುಮಟಾ ಕಾರವಾರ ಕಡೆ ಬಕೆಟ್‌ಗಟ್ಲೆ ಪೇಂಟ್ ಖರ್ಚು ಮಾಡ್ಸೋದು ಮಳೆ ಮಾರಾಯ್ರೆ. ಜೂನಲ್ಲಿ ಹಿಡಿದ ಮಳೆ ಬಿಡೋ ಹೊತ್ತಿಗೆ ಕಾಂಪೌಂಡಿಗೆ ಹಾವಸೆ, ಪಡುಬದಿ ಗೋಡೆ ಬಣ್ಣ ಗುಳ್ಳೆ ಎದ್ದು ಉಗುರಲ್ಲಿ ಕೆರೆದ್ರೆ ಪುಟ್ಟಿ ಸಮೇತ ಹಪ್ಪಳದ ಹಾಗೆ ಎದ್ದು ಬರ್ತದೆ, ಕಿಟಕಿ ಸರಳಿಗೆ ಉಪ್ಪುಗಾಳಿ ತುಕ್ಕು ಬೇರೆ. ಚೌತಿಗೆ ಮನೆ ಚಂದ ಕಾಣ್ಬೇಕು ಅಂತ ಎಲ್ರಿಗೂ ಆಸೆ, ಆದ್ರೆ ಹಸಿ ಗೋಡೆಗೆ ಬಳಿದ್ರೆ ದುಡ್ಡು ನೀರಿಗೆ ಹಾಕಿದಂಗೆ, ಹಾಗಾಗಿ ಕೆಲ್ಸ ದೀಪಾವಳಿಗೆ ಹೋಗ್ತದೆ.

ದೇಶದಲ್ಲೂ ಹೆಚ್ಚುಕಮ್ಮಿ ಇದೇ ಕಥೆ. ಮನೆ ಪೇಂಟ್ ಮಾರಾಟದಲ್ಲಿ ದೊಡ್ಡ ಪಾಲು ಹೊಸ ಮನೆದಲ್ಲ, ಹಳೆ ಮನೆಗೆ ಮತ್ತೆ ಹೊಡೆಯೋದೇ. ಅದ್ಕೇ ಮಳೆ ಉದ್ದ ಹೋದ ವರ್ಷ ದೊಡ್ಡ ಕಂಪನಿಯೋರೂ ಸೇಲ್ ಬಿತ್ತು ಅಂತ ಮಳೆ ಮೇಲೇ ಹಾಕ್ತಾರೆ.

ಡಿಮಾಂಡ್ ಇಲ್ಲಿದು, ಸರಿ. ರೇಟು? ಮೊದ್ಲೆಲ್ಲ ಇಲ್ಲಿ ಅಳಿವೆ ಚಿಪ್ಪಿ ಸುಟ್ಟ ಸುಣ್ಣ, ಘಟ್ಟದ ಮೇಲೆ ಶಿರಸಿ ಸಿದ್ದಾಪುರ ಕಡೆ ಶೇಡಿ ಅನ್ನೋ ಬಿಳಿ ಮಣ್ಣು, ಕೆಮ್ಮಣ್ಣು, ಎಲ್ಲ ಆಸುಪಾಸಿಂದು. ಈಗ ಎಮಲ್ಷನ್ ಅಂದ್ರೆ ನೀರಲ್ಲಿ ಕಲಸೋ ಪೇಂಟ್ ಡಬ್ಬಿ ತೆಗೆದ್ರೆ ಒಳಗಿರೋ, ಬಣ್ಣನ ಗೋಡೆಗೆ ಅಂಟಿಸೋ ರಾಳ, ಆಯಿಲ್ ಪೇಂಟ್ ಆದ್ರೆ ಥಿನ್ನರ್ ಕೂಡ, ಹೆಚ್ಚಾಗಿ ಕಚ್ಚಾತೈಲದ ಸಂತಾನ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾಗಿ ಕ್ರೂಡ್ ಬ್ಯಾರೆಲ್‌ಗೆ 120 ಡಾಲರ್ ದಾಟಿದ್ದು ನಮ್ಮ ಗೋಡೆಗೂ ತಟ್ಟಿತ್ತು. ಇನ್ನು ಬಿಳಿ. ಯಾವ ಶೇಡ್ ತಗೊಂಡ್ರೂ ಅಂಗಡಿಯೋರು ಬೇಸ್ ಡಬ್ಬಿ ಮುಚ್ಚಳ ತೆಗೆದು ಟಿಂಟಿಂಗ್ ಮಷಿನ್ ಕೆಳಗಿಟ್ಟು ನಾಲ್ಕು ಹನಿ ಬಣ್ಣ ಬಿಟ್ಟು ಗಡಗಡ ಅಲ್ಲಾಡ್ಸಿ ಕೊಡ್ತಾರಲ್ಲ, ಆ ತಿಳಿ ಶೇಡಿನ ಬೇಸಿನ ಬಿಳುಪು ಟೈಟಾನಿಯಂ ಡೈಆಕ್ಸೈಡಿಂದು, ಹಳೆ ಕಲೆ ಮುಚ್ಚೋ ಶಕ್ತಿನೂ ಅದ್ರದ್ದೇ. ಅದನ್ನ ಎಲ್ರಿಗಿಂತ ಜಾಸ್ತಿ ಮಾಡೋದು ಚೀನಾ, ಅಲ್ಲಿಂದ ಬರೋ ಮಾಲಿಗೆ 2025ರ ಮೇನಲ್ಲಿ ನಮ್ಮ ಸರ್ಕಾರ ಆ್ಯಂಟಿ ಡಂಪಿಂಗ್ ಸುಂಕನೂ, ಅಂದ್ರೆ ಹೊರಗಿನ ಮಾಲು ತೀರಾ ಅಗ್ಗಕ್ಕೆ ಬಂದು ಸುರಿಯದ ಹಾಗೆ ತಡೆಯೋ ತೆರಿಗೆ, ಹಾಕಿತ್ತು. ತಮಾಷೆ ಅಂದ್ರೆ ಅದ್ರ ಅದಿರು ಇಲ್ಮೆನೈಟ್ ಇದೇ ಅರಬ್ಬಿ ಸಮುದ್ರದ ದಂಡೇಲಿ, ಕೇರಳದ ಚವರದ ಕಪ್ಪು ಮರಳಲ್ಲಿ ಬಿದ್ದುಕೊಂಡಿದೆ.

ಗಿರಾಕಿಗೆ ಸ್ವಲ್ಪ ಲಾಭ ಆಗಿದ್ದು ತೆರಿಗೆ ಇಳಿದಿದ್ರಿಂದ, ಮತ್ತೆ ಪೈಪೋಟಿಯಿಂದ. 2018ರಲ್ಲಿ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳೀತು. 2024ರಲ್ಲಿ ಬಿರ್ಲಾ ಓಪಸ್ ಅನ್ನೋ ಹೊಸ ಪೇಂಟ್ ಬ್ರಾಂಡ್ ಬಂತು, ಅವ್ರ ಒಂದು ಫ್ಯಾಕ್ಟರಿ ನಮ್ಮ ಚಾಮರಾಜನಗರದಲ್ಲೇ ಇದೆ. ಮರುವರ್ಷ ಡ್ಯೂಲಕ್ಸ್ ಮಾರೋ ಅಕ್ಜೊ ನೊಬೆಲ್ ಇಂಡಿಯಾ ಕಂಪನಿನ ತಗೊಳ್ಳೋಕೆ ಸ್ಟೀಲು, ಪೇಂಟು ಎರಡೂ ಮಾಡೋ ಜೆಎಸ್‌ಡಬ್ಲ್ಯೂ ಒಪ್ಪಂದ ಮಾಡ್ಕೊಂಡ್ತು. ಆದ್ರೂ ನಮ್ಮಲ್ಲಿ ಬ್ರಾಂಡ್ ಆರಿಸೋದು ಯಜಮಾನ ಅಂತ ಯಾರು ಹೇಳಿದ್ದು, ಎಷ್ಟೋ ಕಡೆ ಪೇಂಟರೇ ಆರಿಸ್ತಾರೆ, ಡಬ್ಬಿಯೊಳಗೆ ಅವ್ರಿಗಂತ ಕಂಪನಿಯ ಇನಾಮಿನ ಟೋಕನ್ ಇರ್ತದೆ! ಅದು ತಪ್ಪು ಅಂತ ನಾನು ಹೇಳೋಲ್ಲ, ಬಿಸಿಲಲ್ಲಿ ಅಟ್ಟ ಕಟ್ಟಿ ನೇತಾಡೋರು ಅವರು. ನಂದು ತಕರಾರು ಒಂದೇ, ಮೇಲಿನ ಬಣ್ಣದ ಟಾಪ್ ಕೋಟಿಗೆ ಅಷ್ಟು ಚೌಕಾಸಿ ಮಾಡೋ ನಾವು ಅದ್ರ ಕೆಳಗೆ ಮೊದ್ಲು ಬಳಿಯೋ ಪ್ರೈಮರ್ ಬೇಡ ಬಿಡಿ ಅಂತೇವೆ, ಗೋಡೆ ಸರಿ ಒಣಗೋಕೆ ಮೊದ್ಲೇ ಬ್ರಶ್ ಹಿಡಿಸ್ತೇವೆ, ಆಮೇಲೆ ಮುಂದಿನ ಮಳೆಗೆ ಕಿತ್ತು ಬಂದ್ರೆ ಕಂಪನಿಗೆ ಬೈತೇವೆ.