ಭಾಷೆ ಬರದವರು ಇಂಡೋನೇಷ್ಯಾದ ಪಾಪ್ ಎಲ್ಲಿಂದ ಶುರು ಮಾಡಬೇಕು?

ಇಂಡೋನೇಷ್ಯಾದ ಪಾಪ್ ಕೇಳುವ ಆಸೆಯಿದೆ, ಭಾಷೆ ಬರುವುದಿಲ್ಲ, ಯಾವ ಆಲ್ಬಮ್‌ನಿಂದ ಶುರು ಮಾಡಲಿ ಎಂದು ಬಹಳ ಜನ ಕೇಳುತ್ತಾರೆ. ನನ್ನ ಉತ್ತರ: ತುಲುಸ್ ಹಾಡಿರುವ 2014ರ 'ಗಜಾಹ್'. ಹೌದು, ಅದು ನಮ್ಮ ಗಜವೇ.

ಒಂಬತ್ತೇ ಹಾಡು. ತುಲುಸ್ ಪದಗಳನ್ನು ನುಂಗುವುದಿಲ್ಲ, ವಾದ್ಯಗಳೂ ದನಿಯ ಮೇಲೆ ಬೀಳುವುದಿಲ್ಲ. ಮೊದಲು 'ಸೆಪಾತು' ಹಾಕಿ. ಸೆಪಾತು ಅಂದರೆ ಬೂಟು. ನಾವಿಬ್ಬರೂ ಒಂದು ಜೊತೆ ಬೂಟಿನ ಹಾಗೆ, ಯಾವಾಗಲೂ ಜೊತೆಗಿದ್ದೂ ಒಂದಾಗಲಾರೆವು ಎಂದು ಒಂದು ಬೂಟು ಇನ್ನೊಂದಕ್ಕೆ ಹೇಳುತ್ತದೆ. ಆಮೇಲೆ 'ಗಜಾಹ್' ಹಾಡು. ಚಿಕ್ಕವನಿದ್ದಾಗ ಆನೆ ಎಂದು ಅಣಕಿಸಿದ್ದಕ್ಕೆ ಸಿಟ್ಟಾಗಿದ್ದವನು, ಆ ಅಣಕದೊಳಗೇ ಹೊಗಳಿಕೆಯಿತ್ತು ಎಂದು ದೊಡ್ಡವನಾದ ಮೇಲೆ ಕಂಡುಕೊಳ್ಳುತ್ತಾನೆ. ಕೈಕುಲುಕಿ ನನ್ನನ್ನು ಆನೆ ಅನ್ನಿ ಎಂದು ತಾನೇ ಕರೆಯುತ್ತಾನೆ. ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಅಂತಃಕರಣ ತುಂಬಿದ ಪಾಪ್ ಹಾಡುಗಳು ಅಪರೂಪ.

ಒಂದು ಸಲ ಸುಮ್ಮನೆ ಕೇಳಿ, ಎರಡನೇ ಸಲ ಸಾಹಿತ್ಯ ಮುಂದಿಟ್ಟುಕೊಳ್ಳಿ. ಲಿಪಿ ರೋಮನ್, ಆದರೆ 'ಸಿ' ಅಕ್ಷರವನ್ನು ಚಕಾರವಾಗಿಯೇ ಓದಬೇಕು. ಸಂಸ್ಕೃತದಿಂದ ಹೋದ ಪದಗಳು ಆಗ ತಾವಾಗಿಯೇ ಕಿವಿಗೆ ಬೀಳುತ್ತವೆ: ಸುರ್ಗ ಅಂದರೆ ಸ್ವರ್ಗ, ಸುಆರ ಅಂದರೆ ಸ್ವರ, ಮನುಸಿಯ ಅಂದರೆ ಮನುಷ್ಯ. ಕನ್ನಡಿಗರು ಎಡವುವುದೂ ಇಲ್ಲೇ. ಚಿಂತಾ ಅಂದರೆ ಅಲ್ಲಿ ಚಿಂತೆಯಲ್ಲ, ಪ್ರೀತಿ. ಚಹಾಯ ನಮ್ಮ ಛಾಯೆಯ ನೆಂಟನೇ, ಆದರೆ ಅರ್ಥ ನೆರಳಲ್ಲ, ಬೆಳಕು. ಇನ್ನು 'ಹಾತಿ' ಅಂದರೆ ಆನೆಯಲ್ಲ, ಯಕೃತ್ತು. ಹಾಡಿನಲ್ಲಿ ಅದೇ ಹೃದಯ. ಕರುಳು ಚುರ್ ಅಂತು ಅನ್ನುವ ನಮಗೆ ಇದು ವಿಚಿತ್ರವೇನಲ್ಲ. ಅದನ್ನೇ ಎರಡು ಸಲ ಹೇಳಿದರೆ 'ಹುಷಾರು' ಎಂದಾಗುತ್ತದೆ. ಹೀಗಾಗಿ ತುಲುಸ್‌ನ 2022ರ 'ಮನುಸಿಯ' ಆಲ್ಬಮ್‌ನಲ್ಲಿರುವ 'ಹಾತಿ-ಹಾತಿ ದಿ ಜಾಲನ್' ಅಂದರೆ 'ದಾರಿಯಲ್ಲಿ ಹುಷಾರು'. ಬೇರೆಯಾಗುವವರಿಗೆ ಹೇಳುವ ಮಾತು ಅದು.

ಯಂತ್ರದ ಅನುವಾದವನ್ನು ಪೂರ್ತಿ ನಂಬಬೇಡಿ. 'ದಿಯ' ಎಂಬ ಒಂದೇ ಪದ ಅವನಿಗೂ ಸಲ್ಲುತ್ತದೆ, ಅವಳಿಗೂ ಸಲ್ಲುತ್ತದೆ. ಯಂತ್ರ ಯಾವುದೋ ಒಂದನ್ನು ಹಿಡಿದುಬಿಡುತ್ತದೆ, ಕಥೆಯೇ ತಿರುಗಿ ಹೋಗುತ್ತದೆ.

ಕಿವಿ ಪಳಗಿದ ಮೇಲೆ 1977ಕ್ಕೆ ಹೋಗಿ: 'ಬದಾಯ್ ಪಸ್ತಿ ಬೆರ್ಲಾಲು', ಬಿರುಗಾಳಿ ಕಳೆದೇ ಕಳೆಯುತ್ತದೆ. ತೆಗುಹ್ ಕಾರ್ಯ ನಿರ್ದೇಶಿಸಿದ ಅದೇ ಹೆಸರಿನ ಸಿನಿಮಾದ ಹಾಡುಗಳಿವು. ಎರೋಸ್ ಜಾರೋಟ್ ಮತ್ತು ಯೋಕಿ ಸೂರ್ಯೋಪ್ರಯೋಗೋ ಸೇರಿ ಕಟ್ಟಿದರು. ಕ್ರಿಸ್ಯೆ ಮತ್ತು ಬರ್ಲಿಯನ್ ಹುತಾಉರುಕ್ ಹಾಡಿದರು. 2007ರಲ್ಲಿ ರೋಲಿಂಗ್ ಸ್ಟೋನ್ ಪತ್ರಿಕೆಯ ಇಂಡೋನೇಷ್ಯಾ ಆವೃತ್ತಿ ಆರಿಸಿದ ದೇಶದ 150 ಶ್ರೇಷ್ಠ ಆಲ್ಬಮ್‌ಗಳಲ್ಲಿ ಇದಕ್ಕೇ ಮೊದಲ ಸ್ಥಾನ ಸಿಕ್ಕಿತು. ಕ್ರಿಸ್ಯೆಯದು ತೆಳುವಾದ, ಒತ್ತಡವಿಲ್ಲದ ದನಿ. ಬರ್ಲಿಯನ್‌ರದು ಮೇಲಕ್ಕೆ ಚಿಮ್ಮುವ ಕಂಠ. ಈ ಎರಡರ ನಡುವಿನ ದೂರದಲ್ಲೇ ಆಲ್ಬಮ್‌ನ ಜೀವವಿದೆ.

ಹುಡುಕುವಾಗ ಒಂದು ಎಚ್ಚರ. 1999ರಲ್ಲಿ ಕ್ರಿಸ್ಯೆ ಇದೇ ಹೆಸರಿನಲ್ಲಿ ಎರ್ವಿನ್ ಗುತಾವಾ ಅವರ ಆರ್ಕೆಸ್ಟ್ರಾ ಜೊತೆ ಮತ್ತೆ ಹಾಡಿದ್ದಾರೆ. ಅದು ಕೆಟ್ಟದ್ದಲ್ಲ, ಆದರೆ ಮೊದಲ ಸಲ ಕೇಳಬೇಕಾದ್ದು ಅದಲ್ಲ. ಬರ್ಲಿಯನ್ ದನಿ ಕೇಳಿಸದಿದ್ದರೆ ಇಸವಿ ನೋಡಿಕೊಳ್ಳಿ.

ರಾಕ್ ಕಡೆಗೆ ಒಲವಿದ್ದರೆ ಪೀಟರ್‌ಪ್ಯಾನ್ ತಂಡದ 2004ರ 'ಬಿಂತಾಂಗ್ ದಿ ಸುರ್ಗ', ಅಂದರೆ ಸ್ವರ್ಗದಲ್ಲಿನ ನಕ್ಷತ್ರ. ತಂಡಕ್ಕೆ 2012ರಿಂದ ನೋವಾ ಎಂಬ ಹೆಸರಿದೆ. ಹಳೆಯ ಹಾಡುಗಳನ್ನು ಅವರು ಮತ್ತೆ ರೆಕಾರ್ಡ್ ಮಾಡಿರುವುದರಿಂದ, ಮೂಲ ರೂಪ ಬೇಕಿದ್ದರೆ ಹಳೆಯ ಹೆಸರಿನಲ್ಲೇ ಹುಡುಕಿ.