ಬಲಿತ ಹುಲ್ಲಿನ ಹಟ

11 ಫೆಬ್ರವರಿ 2025, ಮಂಗಳವಾರ

ಹುಲ್ಲಿನ ನಾರನ್ನು, ಅಂದರೆ ಸೆಲ್ಯುಲೋಸನ್ನು, ಒಡೆದು ಸಕ್ಕರೆ ಮಾಡಿ, ಅದನ್ನು ಯೀಸ್ಟ್‌ನಿಂದ ಹುದುಗಿಸಿ ಎಥನಾಲ್ ಇಂಧನ ಮಾಡುವುದು ನಮ್ಮ ಪ್ರಾಜೆಕ್ಟ್. ನೇಪಿಯರ್ ಎಂಬ ಮೇವಿನ ಹುಲ್ಲಿನ ಪುಡಿ, ಹುಳಿಯ ಮಟ್ಟ ಏರುಪೇರಾಗದಂತೆ ಪಿಎಚ್ 4.8ರ ಸಿಟ್ರೇಟ್ ಬಫರ್, ನಾರು ಒಡೆಯುವ ಸೆಲ್ಯುಲೇಸ್ ಕಿಣ್ವ, 50 ಡಿಗ್ರಿ ಬಿಸಿ. ಬೆಳಿಗ್ಗೆಗೆ 72 ಗಂಟೆ ಮುಗಿಯಿತು. ಸಕ್ಕರೆ ಅಳೆಯುವ ಡಿಎನ್‌ಎಸ್ ದ್ರಾವಣ ಹಾಕಿ ಕುದಿಸಿದೆ. ಸಕ್ಕರೆ ಇದ್ದಷ್ಟೂ ಹಳದಿ ದ್ರಾವಣ ಇಟ್ಟಿಗೆ ಕೆಂಪಿಗೆ ತಿರುಗುತ್ತದೆ. ಎರಡು ತಿಂಗಳ ಎಳೆ ಹುಲ್ಲಿನ ಟ್ಯೂಬು ಚೆನ್ನಾಗಿ ಕೆಂಪಾಯಿತು. ಆರು ತಿಂಗಳು ಬಿಟ್ಟು ಕೊಯ್ದದ್ದು ಬರೀ ಮಂಕು ಕಿತ್ತಳೆ. ಹಾಕಿದ ಒಣಪುಡಿಯ ತೂಕ ಮಾತ್ರ ಎರಡಕ್ಕೂ ಒಂದೇ.

ತಕರಾರು ಇರುವುದು ಇಲ್ಲೇ. ಇಂಧನದ ಲೆಕ್ಕ ಹಾಕುವವರು ಎಕರೆಗೆ ಎಷ್ಟು ಟನ್ ಅಂತ ನೋಡುತ್ತಾರೆ, ಹುಲ್ಲು ಬಲಿಯಲಿ ಎನ್ನುತ್ತಾರೆ. ಬಲಿತಷ್ಟೂ ಕಾಂಡವನ್ನು ಗಟ್ಟಿ ಮಾಡುವ ಲಿಗ್ನಿನ್ ಜಾಸ್ತಿ. ಅದು ಸೆಲ್ಯುಲೋಸ್‌ಗೆ ಅಡ್ಡ ನಿಲ್ಲುವುದಷ್ಟೇ ಅಲ್ಲ, ಕಿಣ್ವವನ್ನೂ ತನಗೇ ಅಂಟಿಸಿಕೊಂಡು ಕೆಲಸ ಕೆಡಿಸುತ್ತದೆ. ಮೇವಿನ ತಾಕು ನೋಡಿಕೊಳ್ಳುವ ಅಣ್ಣ ಕೊಯ್ಯುವಾಗಲೇ ಹೇಳಿದ್ದರು: “ಇದನ್ನ ಹಸುನೂ ಮೂಸಲ್ಲ ಮೇಡಂ.”

ನಮ್ಮ ಕಿಣ್ವ ಟ್ರೈಕೋಡರ್ಮಾ ರೀಸೈ ಎಂಬ ಬೂಷ್ಟಿನದ್ದು. ಎರಡನೇ ಮಹಾಯುದ್ಧದಲ್ಲಿ ಸಾಲೊಮನ್ ದ್ವೀಪಗಳಲ್ಲಿ ಅಮೆರಿಕದ ಸೈನ್ಯದ ಹತ್ತಿಬಟ್ಟೆ, ಡೇರೆಗಳನ್ನು ತಿಂದು ಹಾಕಿದ ಬೂಷ್ಟು ಅದು. ಅದನ್ನು ಅಧ್ಯಯನ ಮಾಡಿದ ಎಲ್ವಿನ್ ರೀಸ್ ಅವರ ಹೆಸರೇ ಆಮೇಲೆ ಅದಕ್ಕೆ ಬಂತು. ಹತ್ತಿಯಲ್ಲಿ ಲಿಗ್ನಿನ್ ಇಲ್ಲವೇ ಇಲ್ಲ ಅನ್ನಬಹುದು, ಅಲ್ಲಿ ಅದರ ಆಟ ಸಲೀಸು. ಇನ್ನೊಂದು ಕೊರತೆಯೂ ಇದೆ. ಕೊನೆಯ ಹಂತದಲ್ಲಿ ಸೆಲ್ಲೊಬಯೋಸ್ ಒಡೆದು ಗ್ಲುಕೋಸ್ ಮಾಡುವ ಬೀಟಾ ಗ್ಲುಕೋಸಿಡೇಸ್ ಎಂಬ ಕಿಣ್ವ ಇದರಲ್ಲಿ ಕಡಿಮೆ. ಅರ್ಧ ಒಡೆದ ಸೆಲ್ಲೊಬಯೋಸ್ ಹಾಗೇ ಉಳಿದರೆ ಸೆಲ್ಯುಲೇಸ್ ನಿಧಾನವಾಗುತ್ತದೆ. ಅದಕ್ಕೇ ಆಸ್ಪರ್ಜಿಲಸ್ ನೈಜರ್ ಎಂಬ ಇನ್ನೊಂದು ಬೂಷ್ಟಿನ ಕಿಣ್ವವನ್ನೂ ಸ್ವಲ್ಪ ಬೆರೆಸುತ್ತೇನೆ.

ಬಲಿತ ಹುಲ್ಲಿಗೆ ಮೊದಲು ಕಾಸ್ಟಿಕ್ ಸೋಡಾ ಹಾಕಿ ಆಟೊಕ್ಲೇವ್‌ನಲ್ಲಿ (ಲ್ಯಾಬಿನ ದೊಡ್ಡ ಕುಕ್ಕರ್) ಬೇಯಿಸಿದರೆ ಲಿಗ್ನಿನ್ ಕಪ್ಪು ನೀರಾಗಿ ಇಳಿಯುತ್ತದೆ, ಕಿಣ್ವಕ್ಕೆ ದಾರಿ ಸಿಗುತ್ತದೆ. ಆದರೆ ಆ ಕ್ಷಾರ ಹೋಗುವವರೆಗೂ ಪುಡಿ ತೊಳೆಯಬೇಕಲ್ಲ! ಮಧ್ಯಾಹ್ನವೆಲ್ಲ ಸಿಂಕ್ ಮುಂದೆಯೇ ಕಳೆಯಿತು. ಒಂದು ಹಿಡಿ ಪುಡಿಗೆ ಬಕೆಟ್‌ಗಟ್ಟಲೆ ನೀರು. ಸೋಡಾ ಬದಲು ಆಸಿಡ್‌ನಲ್ಲಿ ಬೇಯಿಸಿದರೆ ಫರ್‌ಫ್ಯೂರಲ್ ಎಂಬ ಬೇಡದ ವಸ್ತು ಹುಟ್ಟಿ ಮುಂದೆ ಯೀಸ್ಟ್‌ಗೆ ತೊಂದರೆ. ಇಷ್ಟು ಸಕ್ಕರೆ ಬಂತು ಅಂತ ಬರೆಯುವಾಗ ಇಷ್ಟು ನೀರು ಚೆಲ್ಲಿದೆವು ಅಂತಲೂ ಬರೆಯಬೇಕು, ಅಲ್ವಾ?

2022ರ ಆಗಸ್ಟ್‌ನಲ್ಲಿ ಶುರುವಾದ ಪಾಣಿಪತ್‌ನ ಇಂಡಿಯನ್ ಆಯಿಲ್ ಎಥನಾಲ್ ಘಟಕಕ್ಕೆ ಭತ್ತದ ಹುಲ್ಲೇ ಕಚ್ಚಾವಸ್ತು. ಗದ್ದೆಯಲ್ಲಿ ಸುಡುತ್ತಿದ್ದದ್ದು ಅದು, ಅದಕ್ಕೆಂದು ಬೇರೆ ನೆಲ, ನೀರು ಬೇಡ. ನೇಪಿಯರ್‌ಗೆ ಎರಡೂ ಬೇಕು. ಎಳೆಯದನ್ನು ಕೊಯ್ದು ಬಯೋಗ್ಯಾಸ್‌ಗೆ ಹಾಕುವುದೇ ವಾಸಿ ಅಂತ ನನಗನ್ನಿಸುತ್ತದೆ. ಗೈಡ್ ಒಪ್ಪುವುದಿಲ್ಲ. ಎಥನಾಲ್ ಅಂತಲೇ ಪ್ರಾಜೆಕ್ಟ್ ಬರೆದಾಗಿದೆ.

ನಾಳೆ ಸೋಡಾ ಅರ್ಧಕ್ಕೆ ಇಳಿಸಿ, ಮೂರು ತಿಂಗಳ ಹುಲ್ಲನ್ನೂ ಸೇರಿಸಿ ಇಡಬೇಕು. ಬಫರ್ ಖಾಲಿಯಾಗಿದೆ, ಮೊದಲು ಅದನ್ನು ಮಾಡಿಕೊಳ್ಳಬೇಕು.