ಬೆಳೆ ಹೋಗಿ ಬೇಳೆಯಾದದ್ದು

ಬೆಳೆ ಹಬ್ಬಕ್ಕೆ ಇನ್ನು ಹದಿನೈದು ದಿನ ಇರುವಾಗ ಕ್ವಾಯರಿನ ಮಾಷ್ಟ್ರಲ್ಲಿಗೆ ನಾನೇ ಹೋಗಿ ಹೇಳಿದೆ: "ಆ ಹಳೇ ಗೀತೆಯ ಕನ್ನಡ ಸರಿಯಿಲ್ಲ. ನಾನು ಹೊಸದು ಬರೆದು ಕೊಡ್ತೇನೆ." ಯಾರೂ ಕೇಳಿರಲಿಲ್ಲ. ಕಾಲೇಜಿನಲ್ಲಿ ಛಂದಸ್ಸು ಪಾಠ ಮಾಡುವವನ ಸೊಕ್ಕು ಅದು. ಸಣ್ಣವನಿದ್ದಾಗಿನಿಂದ ಮಂಗಳೂರಿನ ನಮ್ಮ ದೇವಾಲಯದಲ್ಲಿ ಆ ಗೀತೆಗಳನ್ನು ಹಾಡುತ್ತಲೇ ಬಂದಿದ್ದೇನೆ. ಸಾಲಿಗೊಂದು 'ಓ', ಎರಡು ಸಾಲಿಗೊಂದು 'ಹಾ'. ಜರ್ಮನಿಯಿಂದ ಬಂದ ಪಾದ್ರಿಗಳಿಗೆ ಕನ್ನಡ ಪೂರ್ತಿ ಕೈಗೆ ಹತ್ತಿರಲಿಕ್ಕಿಲ್ಲ, ಸಾಲು ತುಂಬದಾಗ 'ಓ' ತುರುಕಿದ್ದಾರೆ ಎಂದು ನಾನೇ ತೀರ್ಪು ಕೊಟ್ಟುಬಿಟ್ಟಿದ್ದೆ.

ಮಾಷ್ಟ್ರು ನಿವೃತ್ತರು, ನನಗಿಂತ ಮೂವತ್ತು ವರ್ಷ ದೊಡ್ಡವರು. ಬೇಡ ಎನ್ನಲಿಲ್ಲ. "ಬರೆ. ಆದರೆ ರಾಗ ಹಳೇದೇ ಇರಲಿ, ಮುದುಕರಿಗೆ ಹೊಸದು ಬರುವುದಿಲ್ಲ" ಎಂದರು.

ರಾಗ ಲೋಕವೆಲ್ಲ ಹಾಡುವಂಥದ್ದು. 1551ರ ಜಿನೀವಾದ ಕೀರ್ತನೆ ಪುಸ್ತಕದಲ್ಲಿ ಬೈಬಲ್ಲಿನ 134ನೇ ಕೀರ್ತನೆಗೆಂದು ಕೂಡಿಸಿದ್ದು. ಇಂಗ್ಲಿಷರು ಅದನ್ನು ನೂರನೇ ಕೀರ್ತನೆಗೆ ಹಚ್ಚಿಕೊಂಡರು, ಹಾಗಾಗಿ 'ಓಲ್ಡ್ ಹಂಡ್ರೆಡ್ತ್' ಎಂಬ ಹೆಸರು ನಿಂತಿತು. ಜರ್ಮನರೂ ತಮ್ಮ ಮಾತು ಹಾಕಿ ಅದನ್ನು ಹಾಡಿದರು. ನಮ್ಮ ಪುಸ್ತಕದಲ್ಲಿ ಗೀತೆಯ ನೆತ್ತಿಯ ಮೇಲೆ 8.8.8.8 ಎಂದಿತ್ತು. ನಾಲ್ಕು ಸಾಲು, ಸಾಲಿಗೆ ಎಂಟು ಅಕ್ಷರ. ನನಗೆ ಇದೆಂತ ದೊಡ್ಡ ಕೆಲಸ? ಬಸ್ಸಿನಲ್ಲಿ ಕೂತಲ್ಲೇ ಬೆರಳು ಮಡಚಿ ಎಣಿಸಿ ಬರೆದೆ:

"ಬೆಳೆ ಕೊಟ್ಟ ನಮ್ಮ ತಂದೆ..."

ಎಂಟಕ್ಕೆ ಎಂಟು. 'ಓ' ಇಲ್ಲ, ಸಂಸ್ಕೃತದ ಭಾರ ಇಲ್ಲ, ಹೊಲದ ಬದುವಿನಲ್ಲಿ ನಿಂತವ ಆಡುವ ಮಾತು. ನನಗೆ ಭಾರೀ ಖುಷಿ.

ಶನಿವಾರ ಸಂಜೆ ಅಭ್ಯಾಸ. ಹುಡುಗ ಹುಡುಗಿಯರು ಸೇರಿ ಹದಿನಾಲ್ಕು ಜನ. ಮಾಷ್ಟ್ರು ಬೋರ್ಡಿನ ಮೇಲೆ ಮೊದಲ ಸಾಲಿನ ಸೋಲ್ಫಾ ಬರೆದರು: ಡೊ ಡೊ ಟೀ ಲಾ ಸೋ ಡೊ ರೇ ಮೀ. ನಮ್ಮ ಲೆಕ್ಕದಲ್ಲಿ ಸ ಸ ನಿ ದ ಪ ಸ ರಿ ಗ. ಪ್ರತಿ ಸ್ವರದ ಕೆಳಗೆ ನನ್ನ ಒಂದೊಂದು ಅಕ್ಷರ ಇಟ್ಟರು. ಕಾಲಿನಲ್ಲಿ ತುಳಿದು ನುಡಿಸುವ ಹಳೇ ಆರ್ಗನ್ನು ಎರಡು ಸಲ ಉಸಿರೆಳೆದುಕೊಂಡು ಶುರುವಾಯಿತು.

"ಬೇ... ಳೇ... ಕೊಟ್... ಟಾ..."

ಮುಂದೆ ಹೋಗಲಿಲ್ಲ. ಹಿಂದಿನ ಸಾಲಿನ ಹುಡುಗನೊಬ್ಬ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಪಕ್ಕದವನಿಗೆ, "ತೊಗರಿಯಾ, ಕಡಲೆಯಾ?" ಎಂದ. ಹುಡುಗಿಯರ ಸಾಲಿನಿಂದ "ಹೆಸರು" ಎಂದು ಉತ್ತರ ಬಂತು. ಅಷ್ಟೇ, ಹದಿನಾಲ್ಕು ಜನವೂ ಬಿದ್ದು ಬಿದ್ದು ನಕ್ಕರು. ಮಾಷ್ಟ್ರೂ ನಕ್ಕರು. ನಾನೊಬ್ಬನೇ ಬೋರ್ಡು ನೋಡುತ್ತ ನಿಂತೆ.

ಆ ರಾಗದಲ್ಲಿ ಈಗ ಎಲ್ಲ ಸ್ವರಗಳೂ ಹೆಚ್ಚುಕಡಿಮೆ ಒಂದೇ ಉದ್ದ, ಎಲ್ಲವೂ ನಿಧಾನ. ಮೂಲದಲ್ಲಿ ಗಿಡ್ಡ ಉದ್ದ ಬೆರೆತಿತ್ತಂತೆ. ಸಭೆಗಳು ಹಾಡಿ ಹಾಡಿ ಎಲ್ಲವನ್ನೂ ಸಮ ಮಾಡಿಬಿಟ್ಟವು. ಜರ್ಮನಿಗೆ ಅದರಿಂದ ಅಷ್ಟು ನಷ್ಟವಿರಲಿಲ್ಲ, ಅಲ್ಲಿನ ಪದ್ಯ ನಡೆಯುವುದು ಒತ್ತಿನ ಮೇಲೆ. ನಮ್ಮದು ಹಾಗಲ್ಲವಲ್ಲ. ಬೆಳೆಗೂ ಬೇಳೆಗೂ ನಡುವೆ ಇರುವುದು ಒಂದೇ ಒಂದು ಮಾತ್ರೆ. ಲಘುವನ್ನು ಎಳೆದರೆ ಗದ್ದೆಯಲ್ಲಿದ್ದದ್ದು ಡಬ್ಬಿಗೆ ಬಂದು ಕೂರುತ್ತದೆ.

"ಅದು ಒಂದು," ಎಂದರು ಮಾಷ್ಟ್ರು, ನಗು ನಿಂತ ಮೇಲೆ. "ಇನ್ನೊಂದು ಉಂಟು. ಈ ರಾಗದಲ್ಲಿ ಮೊದಲನೇ ಸ್ವರದ ಮೇಲೆ ಪೆಟ್ಟು ಬೀಳುವುದಿಲ್ಲ ಮಾರಾಯ, ಎರಡನೆಯದ್ದರ ಮೇಲೆ ಬೀಳುವುದು. ನೀನು ಕೈ ತಟ್ಟಿ ನೋಡು."

ತಟ್ಟಿದೆ. ಎರಡು, ನಾಲ್ಕು, ಆರು, ಎಂಟು. ಪೆಟ್ಟು ಬಿದ್ದದ್ದು ಳೆ, ಟ್ಟ, ಮ್ಮ, ದೆ ಮೇಲೆ. ನನ್ನ ಸಾಲಿನ ಅಷ್ಟೂ ಬಡಕಲು ಅಕ್ಷರಗಳ ತಲೆಯ ಮೇಲೆ ಮೂಟೆ! ಕನ್ನಡದ ಮಾತು ಮೊದಲ ಅಕ್ಷರದಲ್ಲೇ ಕಾಲೂರಿ ನಿಲ್ಲುತ್ತದೆ. ಇಂಗ್ಲಿಷು ಜರ್ಮನ್ನುಗಳಲ್ಲಿ ಹೆಸರಿನ ಮುಂದೆ ಹಗುರದ ಪುಟ್ಟ ಮಾತೊಂದು ಬಂದು ಆ ಖಾಲಿ ಜಾಗದಲ್ಲಿ ಕೂರುತ್ತದೆ, ನಮ್ಮಲ್ಲಿ ಅದಿಲ್ಲ. ಗಣ ಶುರುವಾಗುವ ಮೊದಲು ಹೊರಗೆ ಉಳಿಯುವ ಈ ಅಕ್ಷರವನ್ನೇ ನಾನು ಪ್ರತಿ ವರ್ಷ ತರಗತಿಯಲ್ಲಿ 'ಪದ್ಮಗಣ' ಎಂದು ಬೋರ್ಡಿನ ಮೇಲೆ ಬರೆಯುವುದು. ಪರೀಕ್ಷೆಗೆ ಎರಡು ಅಂಕದ ಪ್ರಶ್ನೆ ಕೂಡ.

"ಹಾಗಾದರೆ ಆ ಜಾಗಕ್ಕೆ ಎಂತ ಹಾಕುವುದು ಮಾಷ್ಟ್ರೇ?"

ಅವರು ಮಾತಾಡಲಿಲ್ಲ. ಹಳೇ ಪುಸ್ತಕ ತೆರೆದು, ಸಾಲುಗಳ ಮೊದಲಲ್ಲಿದ್ದ 'ಓ'ಗಳ ಮೇಲೆ ಒಂದೊಂದಾಗಿ ಬೆರಳಿಟ್ಟು ತೋರಿಸಿದರು.

ನನಗೆ ನಾಚಿಕೆಯಾಯಿತು. ಬಾಸೆಲ್ ಮಿಷನ್ನಿನ ಆ ಪಾದ್ರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ನಮ್ಮ ಛಂದಸ್ಸು ತಿಳಿಯದವರು ಎಂದು ನಾನು ಯಾರನ್ನು ಹಗುರವಾಗಿ ಕಂಡಿದ್ದೆನೋ ಅವರಲ್ಲೇ ಒಬ್ಬರು ಕಿಟ್ಟೆಲ್. ಯೇಸುವಿನ ಬದುಕನ್ನು ನಮ್ಮ ಪದ್ಯದ ಧಾಟಿಯಲ್ಲೇ 'ಕಥಾಮಾಲೆ' ಎಂದು 1862ರಲ್ಲಿ ಹೇಳಿದವರು, ನಾಗವರ್ಮನ 'ಛಂದೋಂಬುಧಿ'ಯನ್ನು 1875ರಲ್ಲಿ ಅಚ್ಚು ಹಾಕಿಸಿದವರು. ನಿಘಂಟು ಬಂದದ್ದು ಆಮೇಲೆ, 1894ರಲ್ಲಿ. ನಾನು ಓದಿದ ಛಂದಸ್ಸಿಗೆ ಮೊದಲು ಅಚ್ಚಿನ ಮಸಿ ಹಚ್ಚಿದವರ ಬಳಗಕ್ಕೇ ನಾನು ಪಾಠ ಹೇಳಲು ಹೊರಟಿದ್ದೆ! ಹಾಗೆಂದು ಹಳೇ ಗೀತೆಗಳೆಲ್ಲ ಚೆನ್ನಾಗಿವೆ ಎಂದು ಈಗಲೂ ಒಪ್ಪುವುದಿಲ್ಲ. ಕೆಲವು ಗೀತೆಗಳಲ್ಲಿ ಕರ್ತೃ ಕ್ರಿಯಾಪದವನ್ನು ಹುಡುಕುತ್ತ ಎರಡು ಸಾಲು ಅಲೆಯುತ್ತದೆ.

ಆ ರಾತ್ರಿ ಊಟವಾದ ಮೇಲೆ ಮತ್ತೆ ಕೂತೆ. ಈ ಸಲ ಬೆರಳು ಮಡಚಲಿಲ್ಲ, ಮೇಜು ತಟ್ಟಿದೆ. ಪೆಟ್ಟು ಬೀಳುವಲ್ಲಿ ಗುರುವೇ ಬೇಕು. ಸಾಲಿನ ಕೊನೆಯ ಸ್ವರ ನಿಲ್ಲುವಂಥದ್ದು, ಅಲ್ಲಿ ದೀರ್ಘ ಬೇಕು. ದೇವರೇ, ತಂದೆಯೇ, ಒಡೆಯನೇ... ಸಂಬೋಧನೆಯ ಆ 'ಏ' ಎಷ್ಟು ಸಲೀಸಾಗಿ ಎಳೆಯಲು ಬರುತ್ತದೆ! ಹಳೇ ಗೀತೆಗಳು ಯಾಕೆ ಸದಾ ಯಾರನ್ನೋ ಕೂಗುತ್ತಿರುತ್ತವೆ ಎನ್ನುವುದಕ್ಕೆ ಭಕ್ತಿಯ ಜೊತೆಗೆ ಇದೂ ಒಂದು ಕಾರಣ ಇದ್ದೀತು. ಹನ್ನೊಂದೂವರೆಗೆ ಒಂದು ಸಾಲು ಕೂತಿತು:

"ಓ ಧಾನ್ಯವಿತ್ತ ದೇವರೇ."

ಓ ಹೊರಗೆ. ಧಾನ್ಯ, ವಿತ್ತ, ದೇವ, ಮೂರು ಮಾತ್ರೆಯ ಮೂರು ಗಣ. ಕೊನೆಗೆ ರೇ. ಪೆಟ್ಟು ಬೀಳುವ ನಾಲ್ಕೂ ಕಡೆ ಗುರು. ಆದರೆ ನನ್ನ ಬೆಳೆ ಹೋಯಿತು, ಧಾನ್ಯ ಬಂತು. 'ಕೊಟ್ಟ' ಹೋಗಿ 'ಇತ್ತ' ಆಯಿತು. ಹೊಲದ ಬದುವಿನವನನ್ನು ಎಬ್ಬಿಸಿ ಪಂಡಿತನನ್ನು ತಂದು ಕೂರಿಸಿದ ಹಾಗೆ. ಬೆಳಿಗ್ಗೆ ಮಾಷ್ಟ್ರಿಗೆ ಫೋನಿನಲ್ಲಿ ಹಾಡಿ ತೋರಿಸಿದೆ. "ಹೂಂ, ಕೂತಿತು" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಹಳೇದು ಇದಕ್ಕಿಂತ ತುಂಬ ಬೇರೆ ಉಂಟಾ?" ಎಂದು ಕೇಳಿದರು.

ತುಂಬ ಬೇರೆ ಇರಲಿಲ್ಲ. ಹಬ್ಬದ ದಿನ ಹಳೇದನ್ನೇ ಹಾಡಿದೆವು. ಬೆಳೆ ಎಂಬ ಮಾತನ್ನು ಬಿಡಲು ಮನಸ್ಸಾಗದೆ ಭಾಮಿನಿ ಷಟ್ಪದಿಯ ನಡೆಯಲ್ಲಿ ನಾಲ್ಕು ಸಾಲು ಬೇರೆಯೇ ಬರೆದಿದ್ದೆ. ಅದನ್ನು ಕಾಣಿಕೆಯ ಹೊತ್ತಿಗೆ ಇಬ್ಬರು ಹುಡುಗಿಯರು ಮೋಹನ ರಾಗದಲ್ಲಿ ತಬಲಾ ಇಟ್ಟುಕೊಂಡು ಹಾಡಿದರು. ಅಲ್ಲಿ ಲಘು ಲಘುವಾಗಿಯೇ ಉಳಿಯಿತು.

ಆರಾಧನೆ ಮುಗಿದು ಅಂಗಳದಲ್ಲಿ ಏಲಂ. ಕುಂಬಳಕಾಯಿ, ಬಾಳೆಗೊನೆ, ತೆಂಗಿನಕಾಯಿ, ಯಾರೋ ತಂದ ಜೋಡಿ ಕೋಳಿ. ಏಲಂ ಕೂಗುತ್ತಿದ್ದವನು ಅದೇ ಹಿಂದಿನ ಸಾಲಿನ ಹುಡುಗ. ಒಂದು ಕಿಲೋ ತೊಗರಿಬೇಳೆಯ ಪೊಟ್ಟಣವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ನನ್ನನ್ನೇ ನೋಡುತ್ತ, ಅದೇ ರಾಗದಲ್ಲಿ "ಬೇ... ಳೇ..." ಎಂದ. ಕ್ವಾಯರಿಗೆ ಕ್ವಾಯರೇ ನನ್ನ ಕಡೆ ತಿರುಗಿತು. ನೂರರಿಂದ ಶುರುವಾದದ್ದು ನನ್ನ ತಲೆಗೇ ನಾನ್ನೂರಕ್ಕೆ ನಿಂತಿತು.